ಕಫನಿಗೆ ಜೇಬು ಹೊಲಿಯುವವರು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಸ್ಕಾಟ್ಸ್‌ಡೇಲ್ ಎಂಬ ಮರುಭೂಮಿಯ ಊರೊಂದಿದೆ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ಆ ಊರಿನ ಅಲ್ಕೋರ್ ಎಂಬ ಸಂಸ್ಥೆಯ ಕಟ್ಟಡದೊಳಗೆ ಮಾತ್ರ ಮೈನಸ್ 196 ಡಿಗ್ರಿಯ ಚಳಿಯನ್ನು ಸ್ಟೀಲಿನ ದೊಡ್ಡ ದೊಡ್ಡ ಹಂಡೆಗಳಲ್ಲಿ ಕಾಪಾಡಿಕೊಂಡು ಬರಲಾಗುತ್ತಿದೆ. ಹಂಡೆಗಳಲ್ಲಿ ತುಂಬಿರುವುದು ದ್ರವ ಸಾರಜನಕ. ಅದರಲ್ಲಿ ಮುಳುಗಿರುವುದು ಮನುಷ್ಯರ ಶವಗಳು. ಒಂದೊಂದು ಹಂಡೆಯಲ್ಲಿ ನಾಲ್ಕು ದೇಹಗಳನ್ನು ತಲೆಕೆಳಗಾಗಿ ಇಳಿಬಿಟ್ಟಿರುತ್ತಾರೆ. ಎಂದಾದರೂ ಸಾರಜನಕ ಕಡಿಮೆಯಾಗುತ್ತ ಬಂದರೆ ಕಾಲು ಮೊದಲು ಕರಗಲಿ, ತಲೆ ಕೊನೆಯವರೆಗೂ ಉಳಿಯಲಿ ಎಂಬುದು ಲೆಕ್ಕಾಚಾರ. ಕಡಿಮೆ ಖರ್ಚಿನಲ್ಲಿ ಮುಗಿಸಬಯಸುವವರು ದೇಹದ ಗೋಜಿಗೇ ಹೋಗದೆ ತಲೆಯೊಂದನ್ನೇ ಇರಿಸುತ್ತಾರೆ. ಇವರನ್ನು ಶವಗಳೆಂದು ಕರೆಯುವುದನ್ನು ಸಂಸ್ಥೆ ಒಪ್ಪುವುದಿಲ್ಲ. ಅದರ ಭಾಷೆಯಲ್ಲಿ ಇವರೆಲ್ಲ ‘ರೋಗಿಗಳು’. ಇಂದಿನ ವೈದ್ಯರಿಗೆ ಗುಣಪಡಿಸಲಾಗದ ಕಾಯಿಲೆ ಇವರಿಗಿದೆ, ಮುಂದೊಂದು ದಿನ ಗುಣಪಡಿಸಬಲ್ಲ ವೈದ್ಯರು ಬರುತ್ತಾರೆ, ಅಲ್ಲಿಯವರೆಗೆ ಕಾಯುತ್ತಿದ್ದಾರೆ ಎಂಬುದು ಅವರ ವಾದ.

ಈ ವಿದ್ಯೆಯ ಹೆಸರು ಕ್ರಯೋನಿಕ್ಸ್. ಕನ್ನಡದಲ್ಲಿ ಶೈತ್ಯಸಂರಕ್ಷಣೆ ಎನ್ನಬಹುದು. ಹೃದಯ ನಿಂತು ವೈದ್ಯರು ಸಾವನ್ನು ಘೋಷಿಸಿದ ಕೂಡಲೇ ಕಾದು ನಿಂತ ತಂಡವೊಂದು ದೇಹವನ್ನು ಮಂಜುಗಡ್ಡೆಯ ನೀರಿನಲ್ಲಿಡುತ್ತದೆ. ಎದೆಯನ್ನು ಯಂತ್ರದಿಂದ ಒತ್ತಿ ರಕ್ತ ಹರಿಯುವಂತೆ ಮಾಡುತ್ತದೆ. ಬಳಿಕ ರಕ್ತವನ್ನು ತೆಗೆದು ಅದರ ಜಾಗದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವನ್ನು ತುಂಬುತ್ತದೆ. ನೀರು ಹರಳುಗಟ್ಟಿದರೆ ಜೀವಕೋಶಗಳು ಹರಿದುಹೋಗುತ್ತವೆ. ಹರಳಾಗದೆ ಗಾಜಿನಂತೆ ಗಟ್ಟಿಯಾದರೆ ಮಿದುಳಿನ ರಚನೆ ಹಾಗೆಯೇ ಉಳಿಯುತ್ತದೆ ಎಂಬ ನಂಬಿಕೆ ಇದಕ್ಕೆ ಆಧಾರ. ಜಗತ್ತಿನಲ್ಲಿ ಇಂದು ಹೀಗೆ ಇಡಲ್ಪಟ್ಟವರ ಸಂಖ್ಯೆ ಕೆಲವು ನೂರು. ಹೆಸರು ನೋಂದಾಯಿಸಿಕೊಂಡು ಬದುಕಿರುವವರು ಕೆಲವು ಸಾವಿರ. ಎದ್ದು ಬಂದವರು ಒಬ್ಬರೂ ಇಲ್ಲ.

ಇದರ ಇತಿಹಾಸ ಬಹಳ ಹಳೆಯದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ರಾಬರ್ಟ್ ಎಟಿಂಜರ್ ಎಂಬ ಭೌತಶಾಸ್ತ್ರದ ಅಧ್ಯಾಪಕರು 1964ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಿಂದ ಈ ವಿಚಾರ ಜನರ ನಡುವೆ ಹರಡಿತು. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫರ್ಡ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರ ದೇಹವನ್ನು ಮೊದಲ ಬಾರಿಗೆ ಈ ರೀತಿ ಇರಿಸಲಾಯಿತು. ಅದು ಈಗಲೂ ಅಲ್ಕೋರ್‌ನಲ್ಲಿದೆ. ಎಟಿಂಜರ್ ಮಿಷಿಗನ್ ರಾಜ್ಯದಲ್ಲಿ ತಾವೇ ಒಂದು ಸಂಸ್ಥೆ ಕಟ್ಟಿದರು. 1977ರಲ್ಲಿ ತಾಯಿಯನ್ನು, ಮುಂದೆ ಇಬ್ಬರು ಪತ್ನಿಯರನ್ನು ಅಲ್ಲಿ ಇರಿಸಿದರು. 2011ರಲ್ಲಿ 92ನೆಯ ವಯಸ್ಸಿನಲ್ಲಿ ತಾವೂ ಅಲ್ಲಿಗೇ ಸೇರಿದರು. ವಾಲ್ಟ್ ಡಿಸ್ನಿಯನ್ನೂ ಹೀಗೆಯೇ ಇಟ್ಟಿದ್ದಾರೆಂದು ನಮ್ಮಲ್ಲೂ ಎಷ್ಟೋ ಜನ ನಂಬಿದ್ದಾರೆ. ಅದು ಶುದ್ಧ ವದಂತಿ. 1966ರಲ್ಲಿ ತೀರಿಕೊಂಡ ಡಿಸ್ನಿಯ ದೇಹವನ್ನು ದಹನ ಮಾಡಲಾಯಿತು.

ಈ ಇತಿಹಾಸದಲ್ಲಿ ಒಂದು ಕಪ್ಪು ಅಧ್ಯಾಯವೂ ಇದೆ. ಬೆಡ್‌ಫರ್ಡ್ ಅವರ ದೇಹವನ್ನು ಇರಿಸುವುದರಲ್ಲಿ ಮುಂದಾಳಾಗಿದ್ದ, ವೃತ್ತಿಯಿಂದ ಟೀವಿ ರಿಪೇರಿ ಮಾಡುತ್ತಿದ್ದ ರಾಬರ್ಟ್ ನೆಲ್ಸನ್ ಎಂಬಾತ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನ ಸ್ಮಶಾನದ ನೆಲಮಾಳಿಗೆಯಲ್ಲಿ ಶವಗಳನ್ನು ಇರಿಸಿದ್ದ. ಕೆಲವು ಕುಟುಂಬಗಳಿಂದ ಹಣ ಬರುವುದು ನಿಂತಿತು, ಅವನ ಕೈಯೂ ಬರಿದಾಯಿತು. ಸಾರಜನಕ ತುಂಬುವವರಿಲ್ಲದೆ ಒಂಬತ್ತು ದೇಹಗಳು ಕರಗಿ ಕೊಳೆತವು. 1979ರಲ್ಲಿ ಇದು ಬಯಲಿಗೆ ಬಂದು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಅಮರತ್ವದ ಭರವಸೆ ಕೊನೆಗೆ ತಿಂಗಳ ಬಾಡಿಗೆಯ ಮೇಲೆ ನಿಂತಿತ್ತು ಎಂಬುದು ಅಂದು ಬೆತ್ತಲಾಯಿತು.

ವಿಜ್ಞಾನದ ಬಗ್ಗೆ ನಾವು ಉಡಾಫೆಯಿಂದ ಮಾತಾಡಬಾರದು. ಭ್ರೂಣವನ್ನು ಶೀತಲೀಕರಿಸಿ, ವರ್ಷಗಳ ನಂತರ ತಾಯಿಯ ಗರ್ಭದಲ್ಲಿಟ್ಟು ಮಗುವನ್ನು ಪಡೆಯುವುದು 1984ರಿಂದ ಸಾಧ್ಯವಾಗಿದೆ. 2023ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು ಗಾಜಿನಂತೆ ಗಟ್ಟಿಯಾಗಿಸಿ, ಮತ್ತೆ ಬೆಚ್ಚಗಾಗಿಸಿ, ಇನ್ನೊಂದು ಇಲಿಗೆ ಜೋಡಿಸಿ ಅದು ಕೆಲಸ ಮಾಡುವುದನ್ನು ತೋರಿಸಿದ್ದಾರೆ. ಅಂಗದಾನಕ್ಕಾಗಿ ಕಾಯುವವರ ಪಾಲಿಗೆ ಇದು ದೊಡ್ಡ ಭರವಸೆ. ಆದರೆ ಇಲಿಯ ಮೂತ್ರಪಿಂಡಕ್ಕೂ ಸತ್ತ ಮನುಷ್ಯನ ಮಿದುಳಿಗೂ ನಡುವಿನ ದೂರ ಸಣ್ಣದಲ್ಲ. ಶೀತಲ ಜೀವವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘವೇ 1982ರಲ್ಲಿ, ಸತ್ತವರನ್ನು ಪುನರುಜ್ಜೀವನದ ಆಸೆಯಿಂದ ಶೀತಲೀಕರಿಸುವವರಿಗೆ ಸದಸ್ಯತ್ವವಿಲ್ಲ ಎಂಬ ನಿಯಮ ತಂದಿತ್ತು. ಈ ವಿಷಯ ಚೆನ್ನಾಗಿ ಬಲ್ಲವರೇ ಇದರಿಂದ ದೂರ ನಿಂತಿದ್ದರು ಎಂಬುದನ್ನು ಮರೆಯಬಾರದು.

ಹಾಗಾದರೆ ಜನ ಏಕೆ ಸೇರುತ್ತಾರೆ? ಪೂರ್ಣ ದೇಹಕ್ಕೆ ಅಲ್ಕೋರ್‌ನಲ್ಲಿ ಎರಡು ಲಕ್ಷ ಡಾಲರಿಗೂ ಹೆಚ್ಚು, ತಲೆಗೆ 80 ಸಾವಿರ ಡಾಲರ್. ಎಟಿಂಜರ್ ಕಟ್ಟಿದ ಸಂಸ್ಥೆಯಲ್ಲಿ 28 ಸಾವಿರ ಡಾಲರಿನಿಂದ ಆರಂಭ. ಹೆಚ್ಚಿನವರು ಜೀವವಿಮೆ ಮಾಡಿಸಿ ಆ ಹಣವನ್ನು ಸಂಸ್ಥೆಯ ಹೆಸರಿಗೆ ಬರೆಯುತ್ತಾರೆ. ಅವರನ್ನು ಕೇಳಿದರೆ ಸಿಗುವ ಉತ್ತರ ಸರಳವಾಗಿದೆ. ಹೂತರೆ ಅಥವಾ ಸುಟ್ಟರೆ ಮರಳಿ ಬರುವ ಸಾಧ್ಯತೆ ಸೊನ್ನೆ. ಇಲ್ಲಿ ಸೊನ್ನೆಗಿಂತ ಒಂದಿಷ್ಟು ಹೆಚ್ಚು. ವಿಮೆಯ ಕಂತು ಕೈಗೆಟಕುವಂತಿದ್ದರೆ ಬಿಡುವುದೇಕೆ? ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ತನ್ನ ದುಡಿಮೆಯ ಹಣವನ್ನು ಒಬ್ಬಾತ ಇಂಥ ಆಸೆಗೆ ಸುರಿದರೆ ತಡೆಯಲು ನಾವು ಯಾರು?

ಆದರೆ ಈ ಲೆಕ್ಕ ಹೇಳುವವರಲ್ಲೇ ಒಬ್ಬರು ನಿಜವನ್ನು ಬಾಯಿಬಿಟ್ಟು ಹೇಳಿದ್ದಾರೆ. ಪೇಪಾಲ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಕೋಟ್ಯಧಿಪತಿ ಪೀಟರ್ ಥೀಲ್ 2023ರ ಒಂದು ಸಂದರ್ಶನದಲ್ಲಿ ತಾವು ಇದಕ್ಕೆ ಹೆಸರು ಬರೆಸಿರುವುದನ್ನು ಒಪ್ಪಿಕೊಂಡರು. ಇದು ಫಲಿಸುತ್ತದೆಂಬ ನಿರೀಕ್ಷೆ ತಮಗೆ ಅಷ್ಟಾಗಿ ಇಲ್ಲ, ಇದು ಹೆಚ್ಚಾಗಿ ತಮ್ಮ ಸೈದ್ಧಾಂತಿಕ ನಿಲುವಿನ ಘೋಷಣೆ ಎಂಬರ್ಥದ ಮಾತನ್ನೂ ಆಡಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಫಲಿಸದೆಂದು ಅನುಮಾನವಿದ್ದೂ ಸೇರುವುದಾದರೆ, ಆ ಹಣದಿಂದ ಅವರು ಕೊಂಡುಕೊಂಡದ್ದೇನು? ಒಂದು ಗುರುತು. ‘ನಾನು ಸಾವಿಗೆ ತಲೆಬಾಗುವ ಸಾಮಾನ್ಯರ ಪೈಕಿಯವನಲ್ಲ’ ಎಂಬ ಫಲಕ.

ಅರ್ಥಶಾಸ್ತ್ರ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ಅಮೆರಿಕದ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ, ಶ್ರೀಮಂತರು ವಸ್ತುಗಳನ್ನು ಉಪಯೋಗಕ್ಕಾಗಿ ಕೊಳ್ಳುವುದಕ್ಕಿಂತ ನಾಲ್ಕು ಜನರ ಕಣ್ಣಿಗೆ ಬೀಳಲೆಂದು ಕೊಳ್ಳುತ್ತಾರೆ ಎಂದು ಬರೆದರು. ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದಕ್ಕೆ ಇನ್ನೊಂದು ಮುಖ ತೋರಿಸಿದರು. ಅದಕ್ಕಾಗಿ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಬಾಯಲ್ಲಿ ಹೇಳುವ ಮಾತಿಗೆ ಬೆಲೆಯಿಲ್ಲ, ಯಾರು ಬೇಕಾದರೂ ಹೇಳಬಹುದು. ನಷ್ಟ ಅನುಭವಿಸಿ ತೋರಿಸಿದ ಸಂಕೇತವನ್ನು ಮಾತ್ರ ಜನ ನಂಬುತ್ತಾರೆ. ಪದವಿ ಪಡೆಯಲು ವರ್ಷಗಟ್ಟಲೆ ಪಟ್ಟ ಶ್ರಮವೇ ಉದ್ಯೋಗ ಕೊಡುವವನಿಗೆ ಸಂಕೇತ, ಕಲಿತ ಪಾಠ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಬೇರೆ ಮಾತು. ತೋರ್ಪಡಿಕೆಯ ಈ ಶಾಸ್ತ್ರ ಇಂದು ಅಮೆರಿಕದ ಬುದ್ಧಿವಂತರ ವಲಯದಲ್ಲಿ ಮನೆಮಾತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕ್ರಯೋನಿಕ್ಸ್ ಎಂದರೆ ಜನ ನಗುತ್ತಾರೆ, ಹುಚ್ಚರೆನ್ನುತ್ತಾರೆ. ನಗೆಪಾಟಲಿಗೀಡಾಗುವುದು ಎಂಥ ತೋರ್ಪಡಿಕೆ? ಆದರೆ ಈ ಶಾಸ್ತ್ರದ ಪ್ರಕಾರವೇ ಉತ್ತರ ಸ್ಪಷ್ಟವಾಗಿದೆ. ಜನರ ನಗೆಯೇ ಇಲ್ಲಿ ತೆತ್ತ ಬೆಲೆ. ಊರೆಲ್ಲ ನಕ್ಕರೂ ಹಿಂಜರಿಯದವನು ತನ್ನ ಗುಂಪಿನೊಳಗೆ ಧೀರನೆನಿಸಿಕೊಳ್ಳುತ್ತಾನೆ. ಅಲ್ಕೋರ್‌ನ ಸದಸ್ಯರಿಗೆ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಒಂದು ಸ್ಟೀಲಿನ ಪಟ್ಟಿ ಕೊಡುತ್ತಾರೆ. ಈತ ಸತ್ತರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ಸೂಚನೆ ಅದರ ಮೇಲಿರುತ್ತದೆ. ಆಂಬುಲೆನ್ಸಿನವರಿಗಾಗಿ ಮಾಡಿದ ಪಟ್ಟಿ ಅದು. ಕಂಪ್ಯೂಟರ್ ತಂತ್ರಜ್ಞರ, ಹೂಡಿಕೆದಾರರ ಕೂಟಗಳಲ್ಲಿ ಅದು ಬೇರೆಯದೇ ಮಾತು ಹೇಳುತ್ತದೆ: ಇವನೂ ನಮ್ಮವನು, ಭಾವನೆಗೆ ಸೋಲದವನು. ಜನಿವಾರವಾಗಲಿ, ಶಿಲುಬೆಯಾಗಲಿ, ಟೋಪಿಯಾಗಲಿ ಮಾಡುವ ಕೆಲಸ ಇದಕ್ಕಿಂತ ಬೇರೆಯೇ? ಮತ ಧರ್ಮಗಳನ್ನು ಕಳಚಿ ಬಂದೆವೆನ್ನುವವರಿಗೂ ಮೈಮೇಲೆ ಒಂದು ಗುರುತು ಬೇಕಾಯಿತು ಎಂಬುದೇ ವಿಪರ್ಯಾಸ.

ಇಷ್ಟಕ್ಕೇ ನಿಂತಿದ್ದರೆ ನಾವು ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಮನುಷ್ಯರ ಹುಸಿ ದೊಡ್ಡಸ್ತಿಕೆಗಳ ಪಟ್ಟಿಗೆ ಇನ್ನೊಂದು ಸೇರಿತು ಎಂದು ಸುಮ್ಮನಾಗಬಹುದಿತ್ತು. ನಮ್ಮ ತಕರಾರು ಇರುವುದು, ಈ ಶಾಸ್ತ್ರದ ದೀಪವನ್ನು ಅವರು ಯಾರ ಮುಖಕ್ಕೆ ಹಿಡಿಯುತ್ತಿದ್ದಾರೆ ಎಂಬಲ್ಲಿ.

ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ ಈ ವಿಚಾರದ ದೊಡ್ಡ ಪ್ರತಿಪಾದಕರು. ನಮ್ಮ ನಡವಳಿಕೆಯ ಹಿಂದೆ ನಮಗೇ ಗೊತ್ತಿಲ್ಲದ ತೋರ್ಪಡಿಕೆಯ ಉದ್ದೇಶಗಳಿರುತ್ತವೆ ಎಂಬುದರ ಬಗ್ಗೆ 2018ರಲ್ಲಿ ಇನ್ನೊಬ್ಬರ ಜೊತೆ ಸೇರಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅವರೂ ಕ್ರಯೋನಿಕ್ಸ್‌ಗೆ ಹೆಸರು ಬರೆಸಿದವರು. ಅವರ ಪತ್ನಿ ಹಾಸ್ಪೈಸ್‌ನಲ್ಲಿ, ಅಂದರೆ ಇನ್ನು ಗುಣವಾಗದ ರೋಗಿಗಳ ಕೊನೆಯ ದಿನಗಳನ್ನು ನೋಡಿಕೊಳ್ಳುವ ಸೇವೆಯಲ್ಲಿ, ದುಡಿಯುತ್ತಿದ್ದವರು. ಗಂಡನ ಈ ಆಸೆ ಆಕೆಗೆ ಒಪ್ಪಿಗೆಯಿರಲಿಲ್ಲ, ಅದರಲ್ಲಿ ಆಕೆ ಸ್ವಾರ್ಥವನ್ನು ಕಂಡರು. ಈ ದಂಪತಿಯ ಕಥೆ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಬಂದು ಜಗತ್ತಿಗೆಲ್ಲ ತಿಳಿಯಿತು.

ಅದಕ್ಕೆ ಎರಡು ವರ್ಷ ಮೊದಲು, 2008ರಲ್ಲಿ, ಅಲ್ಕೋರ್‌ನ ಮಾಜಿ ಅಧ್ಯಕ್ಷರೊಬ್ಬರೂ ಇನ್ನಿಬ್ಬರೂ ಸೇರಿ ಈ ಸಮಸ್ಯೆಗೆ ಒಂದು ಹೆಸರು ಕೊಟ್ಟು ಪ್ರಬಂಧ ಬರೆದಿದ್ದರು. ‘ವೈರಿ ಹೆಂಡತಿ’ ಎಂಬುದು ಆ ಹೆಸರು. ಕ್ರಯೋನಿಕ್ಸ್‌ಗೆ ಸೇರುವವರಲ್ಲಿ ಬಹುಪಾಲು ಗಂಡಸರು. ಅವರು ಹಿಂದೆ ಸರಿಯಲು ದೊಡ್ಡ ಕಾರಣ ಹೆಂಡತಿಯರ ವಿರೋಧ ಎಂಬುದು ಅವರ ದೂರು. ಹೆಂಡತಿಯರು ಏಕೆ ವಿರೋಧಿಸುತ್ತಾರೆ? ಗಂಡ ತನ್ನನ್ನು ಬಿಟ್ಟು ಹೋಗುತ್ತಾನೆಂಬ ಭಯ, ಅಸೂಯೆ, ಖರ್ಚಿನ ಸಿಟ್ಟು ಹೀಗೆ ಪಟ್ಟಿ ಬೆಳೆಯುತ್ತದೆ. ಸಾಯುವ ದೇಹಗಳ ಪಕ್ಕದಲ್ಲಿ ಕುಳಿತು ಬಾಳು ಸವೆಸಿದ ಹೆಂಗಸಿಗೆ ಸಾವಿನ ಬಗ್ಗೆ ಗಂಡನಿಗಿಂತ ಹೆಚ್ಚು ಗೊತ್ತಿರಬಹುದು ಎಂಬ ಸರಳ ಸಂಗತಿಗೆ ಆ ಪಟ್ಟಿಯಲ್ಲಿ ದೊಡ್ಡ ಜಾಗವಿರಲಿಲ್ಲ. ವಿರೋಧಿಸಿದವಳಿಗೆ ರೋಗದ ಹೆಸರಿಟ್ಟಂತೆ ಒಂದು ಹೆಸರಿಟ್ಟರೆ ಮುಗಿಯಿತು, ಆಕೆಯ ಮಾತಿಗೆ ಉತ್ತರ ಕೊಡುವ ಶ್ರಮ ತಪ್ಪಿತು.

ಹ್ಯಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಂಡತಿಯ ಮನಸ್ಸು ನೋಯದಿರಲೆಂದು ಕ್ರಯೋನಿಕ್ಸ್ ಕೈಬಿಟ್ಟು ಸಾಯುವ ಗಂಡನ ಸ್ಥಿತಿಯನ್ನು ಅವರು 2010ರಲ್ಲಿ ‘ಆಧುನಿಕ ಪುರುಷ ಸತಿ’ ಎಂದು ಕರೆದರು. ಗಂಡನ ಚಿತೆಗೆ ಹೆಂಡತಿಯನ್ನು ಏರಿಸುತ್ತಿದ್ದ ಪದ್ಧತಿಗೂ, ಹೆಂಡತಿಗಾಗಿ ಗಂಡ ತನ್ನ ಮರುಜೀವದ ಅವಕಾಶವನ್ನು ಬಿಟ್ಟುಕೊಡುವುದಕ್ಕೂ ಹೋಲಿಕೆ!

ಈ ಮಾತನ್ನು ಕರ್ನಾಟಕದಲ್ಲಿ ಕುಳಿತು ಓದುವ ನಮಗೆ ಸುಮ್ಮನಿರಲು ಸಾಧ್ಯವಿಲ್ಲ. ನಮ್ಮ ಎಷ್ಟೋ ಊರುಗಳ ಹೊರಗೆ ಇಂದಿಗೂ ಮಾಸ್ತಿಕಲ್ಲುಗಳು ನಿಂತಿವೆ. ಮೊಣಕೈ ಮಡಿಸಿ ಮೇಲೆತ್ತಿದ ಒಂದು ಕೈ, ಅದರ ತುಂಬ ಬಳೆ. ಆ ಬಳೆಗಳನ್ನು ಒಡೆಯಲು ಬಿಡದೆಯೇ ಆಕೆ ಬೆಂಕಿಗೆ ಹೋದಳು ಎಂಬುದನ್ನು ಆ ಕಲ್ಲು ಹೇಳುತ್ತದೆ. 1829ರಲ್ಲಿ ಬಂಗಾಳದಲ್ಲಿ ಬೆಂಟಿಂಕ್ ಸತಿಯನ್ನು ನಿಷೇಧಿಸಿದ ನಂತರವೂ, ಸ್ವತಂತ್ರ ಭಾರತದಲ್ಲಿ, 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವ್‌ರಾಲಾದಲ್ಲಿ ಹದಿನೆಂಟರ ಹರೆಯದ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಅದನ್ನು ನೋಡಲು ಜನ ಸೇರಿದ್ದರು. ಆಮೇಲೆ ಆ ಜಾಗಕ್ಕೆ ಜಾತ್ರೆಯಂತೆ ಜನ ಹರಿದು ಬಂದರು.

ತೋರ್ಪಡಿಕೆಯ ಶಾಸ್ತ್ರ ಬಲ್ಲ ಪಂಡಿತರು ಸತಿಯಲ್ಲಿ ಮೊದಲು ಕಾಣಬೇಕಾಗಿದ್ದುದು ಇದನ್ನೇ. ಸತಿಗಿಂತ ದುಬಾರಿಯಾದ ಸಂಕೇತ ಜಗತ್ತಿನಲ್ಲಿ ಇನ್ನೊಂದಿಲ್ಲ. ಅದು ಸಾರಿದ್ದು ಆ ಮನೆತನದ ಮಾನ, ಆ ಕುಲದ ಪ್ರತಿಷ್ಠೆ. ಬೆಲೆ ತೆತ್ತವಳು ಒಬ್ಬಳು, ಲಾಭ ಪಡೆದವರು ಉಳಿದವರೆಲ್ಲ. ಬದುಕಬಹುದಾಗಿದ್ದ ಹೆಂಗಸನ್ನು ಬೆಂಕಿಗೆ ತಳ್ಳಿದ ಪದ್ಧತಿ ಅದು. ಕ್ರಯೋನಿಕ್ಸ್ ಬಿಟ್ಟ ಗಂಡನನ್ನು ಯಾರೂ ಎಲ್ಲಿಗೂ ತಳ್ಳುತ್ತಿಲ್ಲ. ಅವನು ಕ್ಯಾನ್ಸರಿನಿಂದಲೋ ಹೃದಯಾಘಾತದಿಂದಲೋ ಮುಪ್ಪಿನಿಂದಲೋ ಎಲ್ಲರಂತೆ ಸಾಯುತ್ತಾನೆ. ಅವನು ಕಳೆದುಕೊಳ್ಳುವುದು ಈವರೆಗೆ ಒಬ್ಬನಿಗೂ ಫಲಿಸದ ಒಂದು ಆಸೆಯನ್ನು ಮಾತ್ರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು ಸತಿಯನ್ನೂ ಅರಿತಿಲ್ಲ, ಹೆಂಡತಿಯ ದುಃಖವನ್ನೂ ಅರಿತಿಲ್ಲ. ಬೇರೆಯವರ ನೋವನ್ನು ವಾದಕ್ಕೆ ಒಗ್ಗರಣೆ ಮಾಡಿಕೊಳ್ಳುವುದು ಬುದ್ಧಿವಂತಿಕೆಯೂ ಅಲ್ಲ, ವೈಚಾರಿಕತೆಯೂ ಅಲ್ಲ.

‘ವೈರಿ ಹೆಂಡತಿ’ಯ ಪರವಾಗಿ ನಾವು ಒಂದು ಮಾತು ಹೇಳಬೇಕು. ಕ್ರಯೋನಿಕ್ಸ್‌ನಲ್ಲಿ ಸಾವಿನ ನಂತರದ ಮೊದಲ ನಿಮಿಷಗಳೇ ಮುಖ್ಯ. ಆದ್ದರಿಂದ ತಂಡ ಮೊದಲೇ ಬಂದು ಕಾದಿರಬೇಕು. ಮಂಜುಗಡ್ಡೆ, ಯಂತ್ರ, ಔಷಧಿ ಎಲ್ಲ ಸಿದ್ಧವಿರಬೇಕು. ನಾಡಿ ನಿಂತಿತೆಂದು ವೈದ್ಯರು ಹೇಳಿದ ಕ್ಷಣದಿಂದ ಆ ದೇಹ ತಂಡದ ಪಾಲು. ಹೆಂಡತಿ ಮಕ್ಕಳು ಪಕ್ಕಕ್ಕೆ ಸರಿಯಬೇಕು. ಸಾಯುತ್ತಿರುವವನ ಹಣೆ ಸವರುವ, ಬಾಯಿಗೆ ನೀರು ಬಿಡುವ, ಕಣ್ಣು ಮುಚ್ಚುವ ಆ ಗಳಿಗೆಗಳು ಎಲ್ಲ ಜಾತಿ ಧರ್ಮಗಳಲ್ಲೂ ಉಳಿದವರಿಗೆ ಸೇರಿದವು. ಅವುಗಳನ್ನು ತನ್ನಿಂದ ಕಿತ್ತುಕೊಳ್ಳಬೇಡಿ ಎಂದು ಹೆಂಗಸೊಬ್ಬಳು ಕೇಳಿದರೆ ಅದು ವೈರವೆ?

ಇದು ನಮ್ಮ ಕಲ್ಪನೆಯ ಮಾತಲ್ಲ. 2016ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಹದಿನಾಲ್ಕರ ಬಾಲಕಿಯೊಬ್ಬಳು ತನ್ನ ದೇಹವನ್ನು ಶೀತಲೀಕರಿಸಿ ಇಡಬೇಕೆಂದು ಬಯಸಿದಳು. ತಾಯಿ ಒಪ್ಪಿದ್ದರು, ಬಹುಕಾಲದಿಂದ ದೂರವಿದ್ದ ತಂದೆ ಒಪ್ಪಿರಲಿಲ್ಲ. ವ್ಯಾಜ್ಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು. ತನಗಿನ್ನೂ ಹದಿನಾಲ್ಕೇ ವರ್ಷ, ಸಾಯಲು ಇಷ್ಟವಿಲ್ಲ, ನೂರಾರು ವರ್ಷಗಳ ನಂತರವಾದರೂ ಗುಣವಾಗುವ ಅವಕಾಶ ಸಿಗಲಿ ಎಂಬ ಅರ್ಥದಲ್ಲಿ ಆ ಮಗು ನ್ಯಾಯಾಧೀಶರಿಗೆ ಪತ್ರ ಬರೆದಿತ್ತು. ನ್ಯಾಯಮೂರ್ತಿ ಪೀಟರ್ ಜಾಕ್ಸನ್, ತಾವು ಕ್ರಯೋನಿಕ್ಸ್‌ನ ಸರಿತಪ್ಪು ತೀರ್ಮಾನಿಸುತ್ತಿಲ್ಲ, ತಂದೆ ತಾಯಿಯರ ನಡುವಿನ ವಿವಾದವನ್ನಷ್ಟೇ ಬಗೆಹರಿಸುತ್ತಿದ್ದೇನೆಂದು ಹೇಳಿ ನಿರ್ಧಾರದ ಹಕ್ಕನ್ನು ತಾಯಿಗೆ ಕೊಟ್ಟರು. ಅಕ್ಟೋಬರ್‌ನಲ್ಲಿ ಬಾಲಕಿ ತೀರಿಕೊಂಡಳು. ದೇಹ ಅಮೆರಿಕದ ಮಿಷಿಗನ್‌ಗೆ ಹೋಯಿತು. ಖರ್ಚು 37 ಸಾವಿರ ಪೌಂಡು.

ಆ ಮಗುವಿನ ಆಸೆಯನ್ನು ತೋರ್ಪಡಿಕೆ ಎನ್ನುವ ಕಲ್ಲೆದೆ ನಮಗಿಲ್ಲ. ಬದುಕಬೇಕೆಂಬ ಆಸೆಗಿಂತ ನಿಜವಾದ ಆಸೆ ಯಾವುದಿದೆ? ಕ್ರಯೋನಿಕ್ಸ್‌ಗೆ ಸೇರಿದವರೆಲ್ಲ ಡಂಭಾಚಾರಿಗಳು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಈ ಬಾಲಕಿಯ ಪತ್ರವೇ ಉತ್ತರ. ಆದರೆ ತೀರ್ಪಿನ ಕೊನೆಗೆ ನ್ಯಾಯಮೂರ್ತಿಗಳು ಸೇರಿಸಿದ ಟಿಪ್ಪಣಿಯನ್ನೂ ಓದಬೇಕು. ಮಗಳ ಕೊನೆಯ ದಿನ ತಾಯಿ ಸಾವಿನ ನಂತರದ ಏರ್ಪಾಟುಗಳಲ್ಲೇ ಮುಳುಗಿದ್ದರು, ಮಗಳ ಜೊತೆ ಪೂರ್ತಿಯಾಗಿ ಇರಲು ಅವರಿಗೆ ಆಗಲಿಲ್ಲ ಎಂಬ ಆತಂಕವನ್ನು ಆಸ್ಪತ್ರೆಯವರು ವ್ಯಕ್ತಪಡಿಸಿದ್ದರು. ಆ ತಾಯಿಯನ್ನು ನಾವು ದೂರುವುದಿಲ್ಲ. ಮಗಳ ಆಸೆ ಈಡೇರಿಸಲು ಆಕೆ ಓಡಾಡುತ್ತಿದ್ದಳು. ಆದರೆ ನೂರಾರು ವರ್ಷಗಳಾಚೆಯ ಒಂದು ‘ಬಹುಶಃ’ಗಾಗಿ ಕೈಯಲ್ಲಿದ್ದ ಒಂದೇ ಒಂದು ದಿನ ಸೋರಿಹೋಯಿತಲ್ಲ, ಅದನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು? ಸೊನ್ನೆಗಿಂತ ಒಂದಿಷ್ಟು ಹೆಚ್ಚು ಎನ್ನುವವರ ಗಣಿತದಲ್ಲಿ ಈ ನಷ್ಟಕ್ಕೆ ಕಾಲಮ್ಮೇ ಇಲ್ಲ.

ದೇಹವನ್ನು ಇರಿಸಿದ ಮೇಲಾದರೂ ಶಾಂತಿ ಸಿಗುತ್ತದೆಯೆ? ಅಮೆರಿಕದ ಬೇಸ್‌ಬಾಲ್ ದಂತಕಥೆ ಟೆಡ್ ವಿಲಿಯಮ್ಸ್ 2002ರ ಜುಲೈಯಲ್ಲಿ ತೀರಿಕೊಂಡರು. ತನ್ನನ್ನು ಸುಟ್ಟು ಬೂದಿಯನ್ನು ಫ್ಲಾರಿಡಾದ ಕಡಲಿನಲ್ಲಿ ಚೆಲ್ಲಬೇಕೆಂದು ಅವರ ಉಯಿಲಿನಲ್ಲಿತ್ತು. ಮಗನೂ ಕಿರಿಯ ಮಗಳೂ ಎಣ್ಣೆಯ ಕಲೆಯಿದ್ದ ಒಂದು ಕಾಗದದ ಚೀಟಿ ತೋರಿಸಿ, ತಂದೆ ಕ್ರಯೋನಿಕ್ಸ್‌ಗೆ ಒಪ್ಪಿ ಸಹಿ ಮಾಡಿದ್ದಾರೆಂದರು. ಹಿರಿಯ ಮಗಳು ನಂಬಲಿಲ್ಲ, ಹೋರಾಡಿದಳು, ಕೊನೆಗೆ ಹಣ ಸಾಲದೆ ಕೈಬಿಟ್ಟಳು. ತಲೆಯನ್ನು ಬೇರ್ಪಡಿಸಿ ಇಡಲಾಯಿತು. ಅಯೋವಾ ರಾಜ್ಯದಲ್ಲಿ 2009ರಲ್ಲಿ ವೃದ್ಧರೊಬ್ಬರು ತೀರಿಕೊಂಡಾಗ ಒಡಹುಟ್ಟಿದವರು ಮಣ್ಣು ಮಾಡಿದರು. ಆತ ಮೊದಲೇ ಅಲ್ಕೋರ್‌ಗೆ ಸಹಿ ಹಾಕಿ ಹಣ ಕಟ್ಟಿದ್ದರು. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ತೀರ್ಪು ಸಂಸ್ಥೆಯ ಪರವಾಗಿ ಬಂದು, ಹೂತ ದೇಹವನ್ನು ಹೊರತೆಗೆಯಲಾಯಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು, ಸತ್ತವರ ಇಚ್ಛೆಯೂ ಅದೇ ಇತ್ತು. ಆದರೆ ತಿಂಗಳುಗಟ್ಟಲೆ ಮಣ್ಣಿನಲ್ಲಿದ್ದ ದೇಹದಿಂದ ಉಳಿಸಿಕೊಳ್ಳುವುದು ಏನಿತ್ತು? ಕರಾರು ಉಳಿಯಿತು, ಅಷ್ಟೆ.

ಈಗ ಹಣದ ವಿಚಾರಕ್ಕೆ ಬರೋಣ. ‘ಕಫನಿಗೆ ಜೇಬಿಲ್ಲ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ಹೊಲಿಗೆಯಿಲ್ಲದ ಬಿಳಿ ಬಟ್ಟೆ. ಸಾಹುಕಾರನಿಗೂ ಅದೇ, ಕೂಲಿಯವನಿಗೂ ಅದೇ. ಇದು ಒಂದು ಧರ್ಮದ ಸೊತ್ತೇನಲ್ಲ. ಹೋಗುವಾಗ ಉಡಿದಾರವನ್ನೂ ಬಿಚ್ಚಿ ಕಳಿಸುತ್ತಾರೆ ಎಂದು ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ. ಅಮೆರಿಕದ ಶ್ರೀಮಂತರು ಈ ಜೇಬನ್ನೂ ಹೊಲಿಸಿಕೊಂಡಿದ್ದಾರೆ. ಮರಳಿ ಎದ್ದ ದಿನ ತಮಗೇ ಸಿಗುವಂತೆ ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬರೆದಿಡುವ ವ್ಯವಸ್ಥೆ ಅಲ್ಲಿದೆ. ‘ಪುನರುಜ್ಜೀವನ ಟ್ರಸ್ಟ್’ ಎಂದು ಅದರ ಹೆಸರು. ಅಂಥ ಟ್ರಸ್ಟುಗಳನ್ನು ರೂಪಿಸಿಕೊಡುವ ವಕೀಲರೂ ಇದ್ದಾರೆ. ಸತ್ತವನು ವಾರಸುದಾರರಿಗೂ ಬಿಡದೆ, ಬಡವರಿಗೂ ಕೊಡದೆ, ತನ್ನ ಸೊತ್ತಿಗೆ ತಾನೇ ವಾರಸುದಾರನಾಗುವ ಏರ್ಪಾಡು ಇದು. ಬಡವನಿಗೂ ಬಲ್ಲಿದನಿಗೂ ಸಾವು ಒಂದೇ ಎಂಬ ಸಮಾಧಾನವೊಂದು ಈ ಲೋಕದಲ್ಲಿ ಉಳಿದಿತ್ತು. ಅದನ್ನೂ ಉಳ್ಳವರ ಪಾಲು ಮಾಡಿಕೊಳ್ಳುವ ಹವಣಿಕೆಗೆ ವೈಚಾರಿಕತೆ ಎಂದು ಹೆಸರಿಡುವುದನ್ನು ನಾವು ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಅಮೆರಿಕದ ಹುಚ್ಚಾಟ ನೋಡಿ ನಕ್ಕು ‘ನಾವು ವಿಧಿಯನ್ನು ಒಪ್ಪುವವರು’ ಎಂದು ಮೀಸೆ ತಿರುವುವುದು ಕೂಡ ಒಂದು ತೋರ್ಪಡಿಕೆಯೇ. ನಾವು ನಿಜವಾಗಿ ಒಪ್ಪುತ್ತೇವೆಯೆ?

ಹ್ಯಾನ್ಸನ್ ಅವರನ್ನು ಇಷ್ಟು ಟೀಕಿಸಿದ ನಾವು ಅವರ ಒಂದು ಮಾತಿಗೆ ಕಿವಿಗೊಡಬೇಕು. ಜನ ಚಿಕಿತ್ಸೆಗೆ ಸುರಿಯುವ ಹಣದಲ್ಲಿ ಒಂದು ಪಾಲು ರೋಗಿಯ ಗುಣಕ್ಕಾಗಿ ಅಲ್ಲ, ತಾವು ಅವನನ್ನು ಎಷ್ಟು ಪ್ರೀತಿಸುತ್ತೇವೆಂದು ತೋರಿಸಲಿಕ್ಕಾಗಿ ಎಂದು ಅವರು ಬಹಳ ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ನಮ್ಮ ಊರುಗಳ ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಒಂದು ಸಂಜೆ ನಿಂತು ನೋಡಿ. ಎಂಬತ್ತು ದಾಟಿದ, ಇನ್ನು ಗುಣವಾಗುವುದಿಲ್ಲವೆಂದು ವೈದ್ಯರೇ ಹೇಳಿದ ಅಪ್ಪನನ್ನು ವೆಂಟಿಲೇಟರಿನ ಮೇಲಿಟ್ಟು ಮಕ್ಕಳು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಗಲ್ಫಿನಲ್ಲಿರುವ ಮಗ ಬರುವವರೆಗೆ ತೆಗೆಯುವುದು ಬೇಡ ಎನ್ನುತ್ತಾರೆ. ಬಂದ ಮಗ ‘ನಾನು ಬಂದ ಕೂಡಲೇ ತೆಗೆಸಿದ ಎನ್ನುತ್ತಾರೆ’ ಎಂದು ಇನ್ನೆರಡು ದಿನ ಮುಂದೂಡುತ್ತಾನೆ. ಬಂಗಾರ ಅಡವಿಡಲಾಗುತ್ತದೆ, ಜಾಗ ಮಾರಲಾಗುತ್ತದೆ. ‘ಮಾಡಬೇಕಾದದ್ದೆಲ್ಲ ಮಾಡಿದರು’ ಎಂಬ ಒಂದು ಮಾತನ್ನು ಜನಾಝಕ್ಕೆ ಬಂದವರ ಬಾಯಿಂದ, ಶವಸಂಸ್ಕಾರಕ್ಕೆ ಬಂದವರ ಬಾಯಿಂದ ಕೇಳಲು ಇಷ್ಟೆಲ್ಲ. ಗಂಟಲಿಗೆ ಕೊಳವೆ ಹಾಕಿಸಿಕೊಂಡ ಅಪ್ಪನಿಗೆ ಒಂದು ಮಾತಾಡಲೂ ಆಗದೆ, ಮಕ್ಕಳ ಮುಖ ಕಾಣದೆ, ಕೈ ಹಿಡಿಯುವವರಿಲ್ಲದೆ ಉಸಿರು ಹೋಗುತ್ತದೆ.

ಸ್ಕಾಟ್ಸ್‌ಡೇಲಿನ ಹಂಡೆಗೂ ನಮ್ಮ ಐಸಿಯುವಿನ ಈ ಹಾಸಿಗೆಗೂ ಎಷ್ಟು ದೂರ? ಒಂದು ಕಡೆ ಸತ್ತ ಮೇಲೆ, ಇನ್ನೊಂದು ಕಡೆ ಸಾಯುವ ಮೊದಲು. ಎರಡೂ ಕಡೆ ಸಾವನ್ನು ಸಾವೆಂದು ಒಪ್ಪಲು ಧೈರ್ಯವಿಲ್ಲ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿತು. ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು ಎಂದೂ ಹೇಳಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಹಾದಿ ತೆರೆದಿದೆ. ಆದರೆ ಕಾನೂನು ಬಂದ ಮಾತ್ರಕ್ಕೆ ‘ಜನ ಏನೆನ್ನುತ್ತಾರೆ’ ಎಂಬ ಭಯ ಹೋಗುವುದಿಲ್ಲ. ಮನೆಯ ಹಿರಿಯರ ಜೊತೆ ಕುಳಿತು ‘ನಿಮಗೆ ಕೊನೆಗಾಲದಲ್ಲಿ ಏನು ಬೇಕು, ಏನು ಬೇಡ’ ಎಂದು ಕೇಳುವ ಧೈರ್ಯವನ್ನು ಯಾವ ನ್ಯಾಯಾಲಯವೂ ಕೊಡಲಾರದು.

ಹೆಚ್ಚು ಕಾಲ ಬದುಕಬೇಕೆಂಬ ಆಸೆಗೆ ನಾವು ವಿರೋಧಿಗಳಲ್ಲ. ಇಲಿಯ ಮೂತ್ರಪಿಂಡದಿಂದ ನಾಳೆ ಮನುಷ್ಯರ ಮೂತ್ರಪಿಂಡಕ್ಕೆ ದಾರಿಯಾದರೆ, ಡಯಾಲಿಸಿಸ್‌ಗೆಂದು ವಾರಕ್ಕೆರಡು ಬಾರಿ ಬಸ್ಸು ಹತ್ತುವ ಬಡವನಿಗೆ ಅದು ಸಿಗುವಂತಾದರೆ, ಆ ವಿಜ್ಞಾನಿಗಳಿಗೆ ಮೊದಲು ಕೈಮುಗಿಯುವವರು ನಾವು. ನಮ್ಮ ವಿರೋಧ, ಬದುಕಿರುವವರ ಕೈಯನ್ನು ಕೊಡವಿ ನಾಳೆಯ ಅಪರಿಚಿತರ ಕೈ ಹಿಡಿಯುವುದೇ ವೈಚಾರಿಕತೆ ಎಂದು ಸಾರುವುದಕ್ಕೆ. ಅಳುವ ಹೆಂಡತಿಗೆ ವೈರ ಎಂದು ಹೆಸರಿಡುವುದಕ್ಕೆ.

ಅರಿಜೋನಾದ ಆ ಹಂಡೆಗಳಲ್ಲಿರುವವರು ಏಳುವರೋ ಇಲ್ಲವೋ, ಅದನ್ನು ಕಾಲ ಹೇಳಲಿ. ನಮ್ಮ ಊರಿನ ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತಿರುವ ಮಗ ಎದ್ದು ಒಳಗೆ ಹೋಗಿ ಅಪ್ಪನ ಕೈ ಹಿಡಿಯುವುದಕ್ಕೆ ಮಾತ್ರ ಅಷ್ಟು ಕಾಲ ಕಾಯಬೇಕಾಗಿಲ್ಲ.